ಚಿನ್ನದ ಗಣಿಯಿಂದ ಬರಿಗೈಲಿ ಬಂದ ವರ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲೇ ಹತ್ತಿರದ ಕೊಪ್ಪದ ನಮ್ಮ ಮನೆಯಲ್ಲಿ ಹಸುಗಳಿಗೆ ಹುಲ್ಲು ಹಾಕಿಕೊಂಡಿದ್ದ ನನ್ನನ್ನು ನೋಡಲು ಒಬ್ಬ ವರ ಬಂದ. ಚಿನ್ನದ ಗಣಿಯಲ್ಲಿ ಕೆಲಸ ಎಂದು ಕೇಳಿದ್ದೇ ತಡ, ಅಜ್ಜಿ ಕೇಸರಿಬಾತಿಗೆ ಇನ್ನೊಂದು ಸೌಟು ತುಪ್ಪ ಸುರಿದಳು.

ತುಪ್ಪ ದಂಡವಾಯಿತು. ಹುಡುಗ ವಿಜ್ಞಾನಿ. ಗಣಿಯ ತಳದಲ್ಲಿ ಯಂತ್ರಗಳನ್ನಿಟ್ಟುಕೊಂಡು, ಬಂಡೆಯನ್ನೂ ತಾಗದೆ ತೂರಿಹೋಗುವ ಕಣಗಳಿಗಾಗಿ ಕಾಯುವುದು ಅವನ ಉದ್ಯೋಗ. ನಕ್ಷತ್ರಗಳ ಗುಂಪು ಚದುರದೆ ಸುತ್ತಬೇಕಾದರೆ ಕಣ್ಣಿಗೆ ಕಾಣುವ ತೂಕ ಸಾಲದು, ಕಾಣದ್ದೇನೋ ಹಿಡಿದಿಟ್ಟಿದೆ, ಅದು ಇಂಥ ಕಣಗಳೇ ಇರಬಹುದೆಂದು ಕೆಲವರಿಗೆ ಅನುಮಾನ ಎಂದ. ಅಪ್ಪ ಗಂಭೀರವಾಗಿ ತಲೆಯಾಡಿಸಿದರು.

"ಇದುವರ್ಗೂವೆ ಏಟು ಸಿಕ್ತು?"

"ನಾವು ಹುಡುಕ್ತಿರೋದು ಇನ್ನೂ ಸಿಕ್ಕಿಲ್ಲ."

"ಸಂಬ್ಳ?"

"ತಿಂಗಳು ತಿಂಗಳು ಬರುತ್ತೆ."

ಇದಕ್ಕಿಂತ ಒಳ್ಳೆಯ ಸರ್ಕಾರಿ ಕೆಲಸ ಉಂಟೇ ಎಂದು ಅಪ್ಪನ ಮುಖ ಅರಳಿತು.

ನೋಡಲು ಬಂದಾಗ ಹೆಣ್ಣು ತಲೆ ತಗ್ಗಿಸಿ ಕೂರಬೇಕು. ನಾನೋ ತಡೆಯಲಾರದೆ, "ಸಿಗದೇ ಹೋದ್ರೆ?" ಎಂದುಬಿಟ್ಟೆ. ಅಜ್ಜಿ ತೊಡೆ ಚಿವುಟಿದಳು. ಅವನು ನನ್ನ ಕಡೆ ತಿರುಗಿ, "ಹುಡುಕೋ ರೀತಿ ತಪ್ಪೋ, ಲೆಕ್ಕವೇ ತಪ್ಪೋ ನೋಡ್ಬೇಕು. ನಿಮಗೇನನ್ಸುತ್ತೆ?" ಎಂದ. ನಮ್ಮ ಮನೆಯಲ್ಲಿ ಹಸುವಿಗೆ ಯಾವ ಹುಲ್ಲು ಹಾಕಬೇಕೆಂದೂ ಯಾರೂ ನನ್ನನ್ನು ಕೇಳಿದವರಲ್ಲ. ಮದುವೆಯಾದರೆ ಇವನನ್ನೇ ಆಗಬೇಕು ಎಂದು ಕೂತಲ್ಲೇ ತೀರ್ಮಾನಿಸಿದೆ.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗುಟ್ಟಾಗಿ ವಿಚಾರಿಸುವುದು ಪದ್ಧತಿ. ಸೋದರಮಾವ ಗಣಿಯ ಗೇಟಿನೆದುರು ಟೀ ಅಂಗಡಿಯಲ್ಲಿ ಕೂತು ಪತ್ತೇದಾರಿಕೆ ಮಾಡಿ ಬಂದ.

"ಈಚೆ ಬರೋರ್ನೆಲ್ಲ ಜೇಬು ತಡಕಿ ಬುಡ್ತಾರೆ ಭಾವ. ಈವಯ್ಯನ ಜೇಬಲ್ಲಿ ಒಂದಿನಕ್ಕೂ ಒಂದ್ ಚೂರು ಸಿಕ್ಕಿಲ್ವಂತೆ!"

ಸದ್ಯ, ಗುಣವಂತ ಅನ್ನುತ್ತಾರೆ ಎಂದು ನಾನು ಬಾಗಿಲ ಹಿಂದೆ ಹಿಗ್ಗಿದೆ. ಅಜ್ಜಿ ಬಾಯಿ ತೆರೆದಳು: "ಚಿನ್ನದ ಗಣೀಲಿದ್ಕಂಡು ಒಂದು ಮೂಗುತಿಗಾಗೋವಷ್ಟು ತರಾಕಾಗ್ದೋನು ಎಡ್ತೀನ ಏನ್ ಸಾಕಾನು? ಬ್ಯಾಡ ಬುಡ್ಲಾ!"

ಅಪ್ಪನೂ ಅದಕ್ಕೇ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದು, "ನಂಗೆ ಅವ್ರೇ ಬೇಕು" ಎಂದು ಅತ್ತುಬಿಟ್ಟೆ.

"ನಿನ್ನ ಯಾರಮ್ಮಿ ಕೇಳ್ದೋರು?" ಎಂದರು ಅಪ್ಪ.

ಮಳವಳ್ಳಿಯ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬನಿಗೆ ನನ್ನನ್ನು ಕೊಟ್ಟರು. ಸಂಜೆ ಎಂದೂ ಬರಿಗೈಲಿ ಮನೆ ಸೇರಿದವನಲ್ಲ ಎಂದು ಮಾವ ವಿಚಾರಿಸಿ ಬಂದಿದ್ದ. ಸುಳ್ಳಲ್ಲ. ತೆಂಗಿನಕಾಯಿ, ತುಪ್ಪ, ಬಾಳೆಗೊನೆ, ಒಂದು ಸಲ ಜೀವಂತ ಕೋಳಿ, ಎಲ್ಲವೂ ಬಂತು. "ನಿನಗೇನನ್ಸುತ್ತೆ" ಅನ್ನುವ ಮಾತೊಂದು ಬರಲೇ ಇಲ್ಲ.