ಮುನಿಲಕ್ಷ್ಮಿಯ ಇಂಗ್ಲಿಷ್ ಪೇಪರು

ತಮಿಳುನಾಡಿನ ಹೊಸೂರು ಬಳಿಯ ತೊರಪಲ್ಲಿ ಅಗ್ರಹಾರದಿಂದ ಎರಡು ಮೈಲಿ ಒಳಗಿರುವ ಹಳ್ಳಿಯ ಮುನಿಲಕ್ಷ್ಮಿ ಹತ್ತನೇ ಕ್ಲಾಸು ಪಾಸು ಮಾಡಲೇಬೇಕೆಂದು ಹಟ ಹಿಡಿದಾಗ ಅವಳಿಗೆ ನಲವತ್ತೊಂದು ವರ್ಷ. ಹನ್ನೆರಡು ವರ್ಷದಿಂದ ಅವಳು ಗುಲಾಬಿ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಕಡ್ಡಿಯ ಉದ್ದವನ್ನು ಕಣ್ಣಳತೆಯಲ್ಲೇ ಹೇಳಿ, ಇಪ್ಪತ್ತು ಹೂವಿಗೊಂದು ಕಟ್ಟು ಕಟ್ಟಿ ರಟ್ಟು ಸುತ್ತುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಮುಂದಿನ ವರ್ಷ ಎರಡನೇ ಶೆಡ್ಡು ಶುರುವಾಗುತ್ತದೆ, ಅದಕ್ಕೊಬ್ಬ ಸೂಪರ್‌ವೈಸರ್ ಬೇಕು ಎಂಬ ಸುದ್ದಿ ಬಂದ ದಿನ ಅವಳು ನೇರವಾಗಿ ಮ್ಯಾನೇಜರ್ ಶ್ರೀನಿವಾಸ್ ಹತ್ತಿರ ಹೋಗಿ ನಿಂತಳು.

"ನಿಂಗೇ ಕೊಡ್ಬೋದಮ್ಮ," ಎಂದರು ಶ್ರೀನಿವಾಸ್. "ಆದ್ರೆ ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು ಅಂತ ಓನರ್ ಹೇಳವ್ರೆ. ನೀನು ಎಷ್ಟನೇ ಕ್ಲಾಸು?"

"ಒಂಬತ್ತು ಸಾರ್. ಕನ್ನಡ ಮೀಡಿಯಂ."

"ಒಂದು ಕಮ್ಮಿ ಆಯ್ತಲ್ಲ."

ಒಂದು ಕಮ್ಮಿ ಎಂದರೆ ಒಂದು ವರ್ಷದ ಕೆಲಸ ಎಂದುಕೊಂಡು ಅವಳು ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಲೆಕ್ಕ, ವಿಜ್ಞಾನ, ಸಮಾಜ ಎಲ್ಲವೂ ಅಂಚಿನಲ್ಲಿ ಪಾರಾದವು. ಇಂಗ್ಲಿಷಿನಲ್ಲಿ ಹತ್ತೊಂಬತ್ತು ಬಂತು. ಅವಳು ಕಟ್ಟಿದ್ದ ಪರೀಕ್ಷೆಯ ಇಂಗ್ಲಿಷಿಗೆ ಎರಡು ಭಾಗ: ಒಂದರಲ್ಲಿ ಕೊಟ್ಟದ್ದನ್ನು ಓದಿ ಉತ್ತರ ಬರೆಯಬೇಕು, ಇನ್ನೊಂದರಲ್ಲಿ ಸ್ಪೀಕರಿನಲ್ಲಿ ಕೇಳಿಸಿದ್ದನ್ನು ಕೇಳಿ ಉತ್ತರ ಬರೆಯಬೇಕು. ಕೇಳಿ ಬರೆಯುವ ಭಾಗದಲ್ಲಿ ಅವಳಿಗೆ ಬಂದದ್ದು ಸೊನ್ನೆ.

ಹೊಸೂರಿನ ಆಲಸನತ್ತಂನಲ್ಲಿ ವೇದವತಿ ಎಂಬ ನಿವೃತ್ತ ಇಂಗ್ಲಿಷ್ ಟೀಚರ್ ಇದ್ದರು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ಈಗ ಮನೆಯಲ್ಲಿ ಪಾಠ ಹೇಳಲು ಯಾರೂ ಇಲ್ಲದೆ ಪೇಪರು ಹಾಕುವವನ ಇಂಗ್ಲಿಷ್ ತಿದ್ದುತ್ತಿದ್ದವರು. ಮುನಿಲಕ್ಷ್ಮಿ ಒಂದು ಭಾನುವಾರ ಗುಲಾಬಿ ಕಟ್ಟು ಹಿಡಿದು ಅವರ ಬಾಗಿಲಲ್ಲಿ ನಿಂತಾಗ ಅವರಿಗೆ ಖುಷಿಯೇ ಆಯಿತು, ಆದರೆ ತೋರಿಸಿಕೊಳ್ಳಲಿಲ್ಲ.

"ಕೂತ್ಕೋಮ್ಮ. ಎರಡೇ ಔಷಧಿ ಕೊಡ್ತೀನಿ, ತಪ್ಪದೆ ತಗೋಬೇಕು," ಎಂದರು. "ಒಂದು, ಕಣ್ಣಿಗೆ ಬಿದ್ದ ಇಂಗ್ಲಿಷನ್ನೆಲ್ಲ ಜೋರಾಗಿ ಓದೋದು. ಎರಡು, ಈ ರೆಕಾರ್ಡಿಂಗನ್ನ ದಿನಕ್ಕೆ ಹತ್ತು ಸಲ ಕೇಳೋದು. ಅರ್ಥ ಆಗ್ಲಿ ಬಿಡ್ಲಿ, ಕೇಳ್ತಾನೇ ಇರೋದು."

ಅವರು ಅವಳ ಫೋನಿಗೆ ಹಾಕಿಕೊಟ್ಟ ಆ ರೆಕಾರ್ಡಿಂಗಿನಲ್ಲಿ ಪರ್ಕಿನ್ಸ್ ಎಂಬೊಬ್ಬ ಬಿಳಿಯ ರೈಲ್ವೆ ಸ್ಟೇಷನ್ನಿನಲ್ಲಿ ತನ್ನ ಕೊಡೆ ಕಳೆದುಕೊಂಡಿದ್ದ. ಕಳೆದ ಸಾಮಾನು ಇಡುವ ಕೌಂಟರಿಗೆ ಬಂದು, ಅದು ಕಡು ಹಸಿರು ಬಣ್ಣದ್ದು, ಮರದ ಹಿಡಿ ಇದೆ, ಮದುವೆಯಲ್ಲಿ ಮಾವ ಕೊಟ್ಟದ್ದು ಎಂದೆಲ್ಲ ಹೇಳುತ್ತಿದ್ದ. ಕೌಂಟರಿನ ಹೆಂಗಸು ಇನ್ನೂ ಸಿಕ್ಕಿಲ್ಲ, ಗುರುವಾರ ಬನ್ನಿ ಎನ್ನುತ್ತಿದ್ದಳು. ಅಷ್ಟಕ್ಕೆ ಮುಗಿಯುತ್ತಿತ್ತು. ಆಮೇಲೆ ಒಂದು ತಣ್ಣನೆಯ ದನಿ "ಯೂ ವಿಲ್ ನೌ ಹಿಯರ್ ದ ರೆಕಾರ್ಡಿಂಗ್ ಅಗೈನ್" ಎಂದು ಹೇಳಿ ಎಲ್ಲವನ್ನೂ ಮತ್ತೊಮ್ಮೆ ಕೇಳಿಸುತ್ತಿತ್ತು.

ಇಷ್ಟು ಅರ್ಥವಾಗಲು ಮುನಿಲಕ್ಷ್ಮಿಗೆ ಮೂರು ವಾರ ಹಿಡಿಯಿತು. ಅವಳು ಕುಕ್ಕರ್ ಕೂಗುವಾಗ ಕೇಳಿದಳು, ಹಸುವಿಗೆ ಹುಲ್ಲು ಹಾಕುವಾಗ ಕೇಳಿದಳು, ಶೆಡ್ಡಿನಲ್ಲಿ ನೀರಿನ ಮೋಟಾರು ಓಡುತ್ತಿರುವಾಗ ಫೋನನ್ನು ಬಕೆಟ್ಟಿನ ಮೇಲೆ ನಿಲ್ಲಿಸಿ ಕೇಳಿದಳು. ಜೊತೆಗೆ ಹೂವು ಕಟ್ಟುವ ಹೆಂಗಸರೆಲ್ಲ ಬೇಕೋ ಬೇಡವೋ ಕೇಳಿದರು. ಅವರಲ್ಲಿ ಹೆಚ್ಚು ತಲೆಗೆ ಹಚ್ಚಿಕೊಂಡವಳು ಅರವತ್ತು ದಾಟಿದ ಅಶ್ವತ್ಥಮ್ಮ. ಅವಳಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಪದಗಳು ಹತ್ತು, ಅದರಲ್ಲಿ ಆರು ಗುಲಾಬಿಯ ಹೆಸರು.

"ಆವಯ್ಯ ಏನಂತಾನಮ್ಮಿ?" ಎಂದು ಅವಳು ಕೇಳಿದಳು.

"ಕೊಡೆ ಕಳ್ಕೊಂಡವ್ನೆ ಅಕ್ಕ. ಹಸಿರು ಕೊಡೆ."

"ಅಯ್ಯೋ ಪಾಪ. ಸಿಕ್ತಾ?"

"ಗುರುವಾರ ಬಾ ಅಂದವ್ಳೆ."

ಅಂದಿನಿಂದ ಪ್ರತಿ ಗುರುವಾರ ಬೆಳಿಗ್ಗೆ ಅಶ್ವತ್ಥಮ್ಮ ಶೆಡ್ಡಿಗೆ ಬಂದವಳೇ, "ಇವತ್ತು ಹೋಗಿರ್ತಾನೆ, ಹಾಕು ನೋಡಾನ," ಎನ್ನುತ್ತಿದ್ದಳು. ಅದೇ ಹಳೆಯದೇ ಬರುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊಡೆ ಕೌಂಟರಿನವಳ ಮನೆಯಲ್ಲೇ ಇದೆ ಎಂದು ಅವಳ ಗಟ್ಟಿ ನಂಬಿಕೆ. "ದನಿ ಕೇಳು ಅವ್ಳದು. ಕಳ್ಳ ದನಿ," ಎಂದಳು. ಇನ್ನಿಬ್ಬರು ಹೆಂಗಸರು, ಮಾವ ಕೊಟ್ಟ ಕೊಡೆಯನ್ನು ಪರ್ಕಿನ್ಸನ ಹೆಂಡತಿಯೇ ತವರಿಗೆ ಒಯ್ದಿರಬೇಕು ಎಂದರು. ಈ ಮಾತು ಬೆಳೆದು ಒಂದು ಮಧ್ಯಾಹ್ನ ನಲವತ್ತು ಕಟ್ಟುಗಳಿಗೆ ತಪ್ಪು ಅಳತೆಯ ಚೀಟಿ ಅಂಟಿ, ಶ್ರೀನಿವಾಸ್ ಬಂದು ಇನ್ನು ಶೆಡ್ಡಿನಲ್ಲಿ ಕೊಡೆಯ ವಿಷಯ ಎತ್ತಬಾರದೆಂದು ಹೇಳಿ ಹೋದರು.

ಮನೆಯಲ್ಲಿ ಇಂಗ್ಲಿಷಿನ ಅನುಮಾನ ಬಂದರೆ ಬಗೆಹರಿಸಲು ಗಂಡ ನಂಜಪ್ಪ ಇದ್ದ. ನಂಜಪ್ಪ ಎಸ್ಸೆಸ್ಸೆಲ್ಸಿ ಪಾಸು. ಅವನ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ದೇವರ ಪಟಗಳ ಪಕ್ಕದಲ್ಲೇ ಎತ್ತರಕ್ಕೆ ತೂಗುತ್ತಿತ್ತು. ಆಯುಧಪೂಜೆಯ ದಿನ ಟಿಲ್ಲರಿನ ಜೊತೆ ಅದಕ್ಕೂ ಕುಂಕುಮ ಬೀಳುತ್ತಿತ್ತು. ಕೋಸು, ಟೊಮೇಟೊ ಬೆಳೆಯುವ ಆ ಬೀದಿಯಲ್ಲಿ ಬ್ಯಾಂಕಿನ ಕಾಗದ ಬಂದರೆ ನಂಜಪ್ಪನಿಗೆ ತೋರಿಸುವರು. ಅವನು ಹಿಂದೆ ಮುಂದೆ ತಿರುಗಿಸಿ, "ಬ್ಯಾಂಕಿನಿಂದ ಬಂದೈತೆ," ಎಂದು ವಾಪಸು ಕೊಡುವನು.

"ಪರ್ಕಿನ್ಸ್ ಡ್ರಿಜಲ್ ಅಂತಾನಲ್ಲ, ಹಂಗಂದ್ರೇನಯ್ಯಾ?" ಎಂದು ಮುನಿಲಕ್ಷ್ಮಿ ಒಂದು ದಿನ ಕೇಳಿದಳು.

ನಂಜಪ್ಪ ಸ್ವಲ್ಪ ಹೊತ್ತು ಸೂರು ನೋಡಿದ. "ಅದೊಂದು ಊರು. ಇಂಗ್ಲೆಂಡಲ್ಲಿ."

ಮುಂದಿನ ಭಾನುವಾರ ಅವಳು ವೇದವತಿಯವರ ಮುಂದೆ, ಪರ್ಕಿನ್ಸ್ ಡ್ರಿಜಲ್ ಎಂಬ ಊರಿಗೆ ಹೋಗುವಾಗ ಕೊಡೆ ಕಳೆದುಕೊಂಡ ಎಂದು ಹೇಳಿದಳು. ಟೀಚರ್ ಕನ್ನಡಕ ತೆಗೆದರು.

"ಡ್ರಿಜಲ್ ಅಂದ್ರೆ ತುಂತುರು ಮಳೆ. ಊರು ಅಂತ ಯಾರು ಹೇಳಿದ್ದು?"

"ನಮ್ಮನೆಯವ್ರು ಟೀಚರ್. ಅವ್ರು ಎಸ್ಸೆಸ್ಸೆಲ್ಸಿ."

"ಯಾವ ಊರಲ್ಲಿ ಓದಿದ್ರು? ಡ್ರಿಜಲ್‌ನಲ್ಲಾ?" ಎಂದು ಕೇಳಿ ಟೀಚರ್ ಮತ್ತೆ ಕನ್ನಡಕ ಹಾಕಿಕೊಂಡರು.

ಓದುವ ಔಷಧಿಯನ್ನೂ ಮುನಿಲಕ್ಷ್ಮಿ ಬಿಡದೆ ತೆಗೆದುಕೊಂಡಳು. ಗೊಬ್ಬರದ ಚೀಲ, ಮಾತ್ರೆಯ ಹಾಳೆ, ಲಾರಿಯ ಹಿಂಭಾಗ, ಎಲ್ಲವನ್ನೂ ಜೋರಾಗಿ ಓದಿದಳು. ಶಾಂಪೂ ಪ್ಯಾಕೆಟ್ಟಿನ ಹಿಂದೆ, ತೊಳೆದ ಮೇಲೆ ಮತ್ತೊಮ್ಮೆ ಹಚ್ಚಿ ಎಂದು ಬರೆದಿರುವುದನ್ನು ಕಂಡು, ಇಪ್ಪತ್ತು ವರ್ಷದಿಂದ ಅರ್ಧ ತಲೆಸ್ನಾನವೇ ಮಾಡುತ್ತಿದ್ದೆನಲ್ಲ ಎಂದು ಅವಳಿಗೆ ಬೇಜಾರಾಯಿತು. ಕೆಮ್ಮಿನ ಔಷಧಿಯ ಮೇಲೆ ಕುಡಿಯುವ ಮುಂಚೆ ಚೆನ್ನಾಗಿ ಅಲುಗಾಡಿಸಿ ಎಂದಿತ್ತು. ನಂಜಪ್ಪ ಅಲುಗಾಡಿಸದೆ ಕುಡಿದುಬಿಟ್ಟಿದ್ದ. ಈಗೇನು ಮಾಡುವುದೆಂದು ಯೋಚಿಸಿ, ಅವನನ್ನು ಮೊಪೆಡ್ಡಿನ ಮೇಲೆ ಕೂರಿಸಿ ಹಳ್ಳದಿಣ್ಣೆಯ ದಾರಿಯಲ್ಲಿ ಹಾಲಿನ ಡೈರಿಯವರೆಗೆ ಹೋಗಿಬರಲು ಹೇಳಿದಳು. ಅವನು ಹೋಗಿಬಂದ. ಕೆಮ್ಮು ಕಮ್ಮಿಯಾಗಿದೆ ಎಂದೂ ಹೇಳಿದ.

ಮನೆಯೊಳಗಿನ ಇಂಗ್ಲಿಷೆಲ್ಲ ಓದಿ ಮುಗಿದು ಉಳಿದದ್ದು ಗೋಡೆಯ ಮೇಲಿನದೊಂದೇ. ಒಂದು ಭಾನುವಾರ ಬೆಳಿಗ್ಗೆ ಅವಳು ಸ್ಟೂಲು ಹಾಕಿ ಹತ್ತಿದಳು. ನಂಜಪ್ಪ ಕೆಳಗೆ ಕೂತು ಗಡ್ಡ ಬೋಳಿಸಿಕೊಳ್ಳುತ್ತಿದ್ದ.

"ದಿಸ್ ಈಸ್ ಟು... ಸರ್ಟಿಫೈ," ಎಂದು ಅವಳು ಕುಂಕುಮ ಒರೆಸಿ ಓದಿದಳು. "ನಂಜಪ್ಪ. ಸೆಕೆಂಡ್ ಪ್ರೈಜ್. ಇನ್... ಸ್ಲೋ..."

ನಂಜಪ್ಪನ ರೇಜರು ನಿಂತಿತು. "ಇಳಿಯೇ ಮೊದ್ಲು, ಸ್ಟೂಲು ಸರಿಯಿಲ್ಲ."

"ಸ್ಲೋ ಸೈಕಲ್ ರೇಸ್," ಎಂದು ಅವಳು ಓದಿ ಮುಗಿಸಿದಳು. ಮತ್ತೊಮ್ಮೆ ಮೊದಲಿಂದ ಓದಿದಳು. ಎರಡನೇ ಸಲವೂ ಅದೇ ಇತ್ತು.

ಅವಳು ಮೇಲಿಂದಲೇ ಗಂಡನ ಕಡೆ ತಿರುಗಿದಳು.

"ಏನಯ್ಯಾ ಇದು?"

"ಅದು ಸ್ಕೂಲಲ್ಲಿ ಕೊಟ್ಟಿದ್ದೇ," ಎಂದ ನಂಜಪ್ಪ, ಅರ್ಧ ಕೆನ್ನೆಗೆ ಸೋಪು ಇಟ್ಟುಕೊಂಡೇ. "ನಿಮ್ಮಪ್ಪ ಹೆಣ್ಣು ಕೊಡಕ್ಕೆ ಬಂದಾಗ, ಅದೇನು ಗೋಡೆ ಮ್ಯಾಲೆ ಅಂತ ಕೇಳ್ದ. ನಮ್ಮವ್ವ ಹತ್ತನೇ ಕ್ಲಾಸಿಂದು ಅಂತು. ಇದನ್ನ ಕೊಟ್ಟಾಗ ನಾನು ಹತ್ತನೇ ಕ್ಲಾಸೇ ಇದ್ದಿದ್ದು. ಅದ್ರಲ್ಲಿ ಸುಳ್ಳೇನೈತೆ?"

"ಪರೀಕ್ಷೆ?"

"ಇಂಗ್ಲಿಷಲ್ಲಿ ಹೋಗ್ಬುಡ್ತು."

"ಎಷ್ಟು ಬಂದಿತ್ತು?"

"ಹನ್ನೊಂದು."

ಮುನಿಲಕ್ಷ್ಮಿ ಸ್ಟೂಲಿನ ಮೇಲೆಯೇ ಕೂತಳು. ಅವಳಿಗೆ ಸಿಟ್ಟು ಬರಬೇಕಿತ್ತು, ಸ್ವಲ್ಪ ಬಂತು ಕೂಡ. ಇಪ್ಪತ್ತಮೂರು ವರ್ಷ ಅವಳು ಆ ಪಟದ ಧೂಳು ಹೊಡೆದಿದ್ದಳು. ಆದರೆ ತನಗೆ ಹತ್ತೊಂಬತ್ತು, ಇವನಿಗೆ ಹನ್ನೊಂದು ಎನ್ನುವುದು ತಲೆಗೆ ಹೋದಮೇಲೆ ಸಿಟ್ಟು ನಿಲ್ಲಲಿಲ್ಲ.

"ಸ್ಲೋ ಸೈಕಲ್ಲಲ್ಲಿ ಕೊನೇಲಿ ಬಂದೋರಿಗಲ್ವಾ ಫಸ್ಟು? ನೀನು ಸೆಕೆಂಡ್ ಯಾಕೆ ಬಂದೆ?"

"ಸ್ವಲ್ಪ ಅವಸರ ಮಾಡ್ಬುಟ್ಟೆ," ಎಂದ ನಂಜಪ್ಪ.

ಅವಳು ನಕ್ಕು ನಕ್ಕು ಸ್ಟೂಲಿನಿಂದ ಜಾರಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದಳು: "ನಾಳೆ ಹೋಗಿ ನೀನೂ ಕಟ್ಟು. ಇಲ್ದಿದ್ರೆ ಬೀದಿಗೆಲ್ಲ ಓದಿ ಹೇಳ್ತೀನಿ."

ಹೀಗೆ ನಲವತ್ತೇಳನೇ ವಯಸ್ಸಿನಲ್ಲಿ ನಂಜಪ್ಪನೂ ಇಂಗ್ಲಿಷ್ ಪೇಪರಿಗೆ ಫೀಸು ಕಟ್ಟಿದ. ವೇದವತಿ ಟೀಚರ್ ಮನೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಇಯರ್‌ಫೋನಿನ ಒಂದು ತುದಿ ಅವಳ ಎಡಗಿವಿಗೆ, ಇನ್ನೊಂದು ಅವನ ಬಲಗಿವಿಗೆ. ನಂಜಪ್ಪನ ತೊಂದರೆ ಎಂದರೆ ಅವನು ರೆಕಾರ್ಡಿಂಗಿಗೆ ಉತ್ತರ ಕೊಡುತ್ತಿದ್ದ. ಸ್ಪೀಕರಿನ ಹೆಂಗಸು ಗುಡ್ ಮಾರ್ನಿಂಗ್ ಎಂದರೆ ಇವನೂ ಗುಡ್ ಮಾರ್ನಿಂಗ್ ಎನ್ನುವನು, ಮುಂದಿನ ಎರಡು ಸಾಲು ತಪ್ಪಿಹೋಗುವುದು.

"ಮರ್ಯಾದೆ ಆಮೇಲೆ ಕೊಡಿ ನಂಜಪ್ಪ," ಎಂದು ಟೀಚರ್ ಗದರಿದರು. "ಮೊದಲು ಕೇಳಿ."

ಪರೀಕ್ಷೆ ಬಂದದ್ದು ಕೃಷ್ಣಗಿರಿಯಲ್ಲಿ, ಮಾವಿನ ಕಾಲದಲ್ಲಿ. ಇಬ್ಬರೂ ಬೆಳಗಿನ ಬಸ್ಸಿಗೆ ಹೋಗಿ, ಹೈವೇ ಪಕ್ಕದ ಒಂದು ಶಾಲೆಯಲ್ಲಿ ಹಿಂದೆ ಮುಂದೆ ಡೆಸ್ಕುಗಳಲ್ಲಿ ಕೂತರು. ಸುತ್ತ ಹದಿನೇಳು ಹದಿನೆಂಟರ ಮಕ್ಕಳು. ಒಬ್ಬಳು ನಂಜಪ್ಪನನ್ನು ಮೇಲ್ವಿಚಾರಕರೆಂದು ತಿಳಿದು ತಮಿಳಿನಲ್ಲಿ ಹೆಚ್ಚುವರಿ ಹಾಳೆ ಕೇಳಿದಳು. ಅವನು ಆಮೇಲೆ ಕೊಡ್ತೀನಿ ಎಂದ.

ಮೊದಲು ಕೇಳುವ ಭಾಗ. ಮೇಲ್ವಿಚಾರಕರು ಕಿಟಕಿ ಬಾಗಿಲು ಮುಚ್ಚಿಸಿ, ಫ್ಯಾನು ಆರಿಸಿ, ಸ್ಪೀಕರು ಹಚ್ಚಿದರು. ಗಂಡು ದನಿಯೊಂದು ಯಾವುದೋ ಮ್ಯೂಸಿಯಮ್ಮಿನ ವಿಷಯ ಹೇಳತೊಡಗಿತು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಮುನಿಲಕ್ಷ್ಮಿಗೆ ಒಂದೂ ಅರ್ಥವಾಗಲಿಲ್ಲ. ಏನೋ ಒಂದು ಇಲ್ಲವೆನಿಸಿ ಅವಳಿಗೆ ಕಸಿವಿಸಿಯಾಯಿತು. ರೆಕಾರ್ಡಿಂಗ್ ಮುಗಿದಮೇಲೆ ಹೊಳೆಯಿತು. ಮೋಟಾರಿಲ್ಲ, ಕುಕ್ಕರಿಲ್ಲ, ಅಶ್ವತ್ಥಮ್ಮ ಇಲ್ಲ. ಸದ್ದಿಲ್ಲದ ಜಾಗದಲ್ಲಿ ಅವಳು ಇಂಗ್ಲಿಷ್ ಕೇಳಿಯೇ ಇರಲಿಲ್ಲ.

ಅವಳು ಎದ್ದು ನಿಂತಳು. "ಸಾರ್, ಜನ್ನಲ್ ಕೊಂಜಂ ತೆರಂಗ ಸಾರ್," ಎಂದು ಕಿಟಕಿ ತೆರೆಯಲು ತಮಿಳಿನಲ್ಲಿ ಕೇಳಿದಳು.

"ಹೊರಗಡೆ ಗಲಾಟೆ ಅಮ್ಮ," ಎಂದರು ಅವರು, ಅವಳ ತಮಿಳು ಕೇಳಿ ಕನ್ನಡದಲ್ಲೇ.

"ಅದಕ್ಕೇ ಸಾರ್. ಗಲಾಟೆ ಇದ್ರೇ ನಂಗೆ ಕೇಳ್ಸೋದು."

ಮೇಲ್ವಿಚಾರಕರು ಅವಳನ್ನೇ ನೋಡಿದರು. ಸೆಕೆ ಬೇರೆ ವಿಪರೀತವಿತ್ತು. ಮಕ್ಕಳೂ ಬೆವರೊರೆಸಿಕೊಂಡು ತೆರೆಯಿರಿ ಎಂದದ್ದರಿಂದ, ಅವಳ ಪಕ್ಕದ ಕಿಟಕಿ ಒಂದನ್ನು ತೆರೆದರು. ಲಾರಿಗಳ ಹಾರನ್ ಸದ್ದು ನುಗ್ಗಿತು. ಅದರ ಹಿಂದೆಯೇ ಮೈಕು ಕಟ್ಟಿಕೊಂಡ ಮಾವಿನಹಣ್ಣಿನ ಆಟೋ ಒಂದು ಕೂಗುತ್ತ ಬಂದು ಗೇಟಿನ ಮುಂದೆ ನಿಂತಿತು. ರೆಕಾರ್ಡಿಂಗ್ ಎರಡನೇ ಸಲ ಶುರುವಾಯಿತು, ಮುನಿಲಕ್ಷ್ಮಿಗೆ ಮ್ಯೂಸಿಯಮ್ಮಿನ ಬಾಗಿಲು, ಮೆಟ್ಟಿಲು, ಮುಟ್ಟಬಾರದ ಹಳೆಯ ಗಡಿಯಾರ ಎಲ್ಲವೂ ಎದುರಿಗೆ ಇಟ್ಟ ಹಾಗೆ ಕಂಡವು. ಎಂಟು ಪ್ರಶ್ನೆಗಳಲ್ಲಿ ಏಳಕ್ಕೆ ಬರೆದಳು.

ಹಿಂದಿನ ಡೆಸ್ಕಿನಲ್ಲಿ ನಂಜಪ್ಪನಿಗೆ ಆಟೋದವನ ದನಿಯೇ ಹೆಚ್ಚು ಹಿಡಿಯಿತು. ಮ್ಯೂಸಿಯಮ್ಮಿನಲ್ಲಿ ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆಗೆ ಅವನು ಮ್ಯಾಂಗೋ ಎಂದು ಬರೆದ. ಓದುವ ಭಾಗದಲ್ಲಿ ಹಾಲು ಕೊಡುವ ಹಸುಗಳ ಬಗ್ಗೆ ಒಂದು ಪುಟವಿತ್ತು. ಅದನ್ನು ಓದುವ ಗೋಜಿಗೇ ಹೋಗದೆ, ತನ್ನ ಹಸುವಿನ ಅನುಭವದಿಂದ ಎಲ್ಲ ಉತ್ತರ ಬರೆದ.

"ಅದ್ರಲ್ಲಿ ಹಸು ಇಪ್ಪತ್ತು ಲೀಟರ್ ಕೊಡುತ್ತೆ ಅಂತ ಇತ್ತಲ್ಲಯ್ಯಾ," ಎಂದಳು ಮುನಿಲಕ್ಷ್ಮಿ, ವಾಪಸು ಬಸ್ಸಿನಲ್ಲಿ.

"ಎಲ್ಲಿಂದ ಕೊಡುತ್ತೆ? ನಾನು ಏಳು ಅಂತ ಬರ್ದೆ."

ಫಲಿತಾಂಶ ಬಂದಾಗ ಅವಳಿಗೆ ನಲವತ್ತಮೂರು, ಅವನಿಗೆ ಮೂವತ್ತಮೂರು. ಪಾಸಿಗೆ ಮೂವತ್ತೈದು ಬೇಕಿತ್ತು. ಎರಡು ಅಂಕ ಹಸುವಿನಿಂದ ಹೋಯಿತು ಎಂದು ನಂಜಪ್ಪ ಎರಡು ದಿನ ಕೊಟ್ಟಿಗೆಯ ಕಡೆ ಮುಖ ಕೊಟ್ಟು ಮಾತಾಡಲಿಲ್ಲ. ವೇದವತಿ ಟೀಚರ್ ಮುನಿಲಕ್ಷ್ಮಿಗೆ ಒಂದು ಪೆನ್ನು ಕೊಟ್ಟು ತಲೆ ಸವರಿದರು, ಮರುಗಳಿಗೆಯಲ್ಲೇ ಅವಳ ಉತ್ತರಗಳಲ್ಲಿ ಏನೇನು ತಪ್ಪಿರಬಹುದು ಎಂದು ಕೇಳತೊಡಗಿದರು.

ಎರಡನೇ ಶೆಡ್ಡಿಗೆ ಮುನಿಲಕ್ಷ್ಮಿ ಸೂಪರ್‌ವೈಸರಾದಳು. ದಿನದ ವರದಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಮೊದಲ ದಿನ ಅವಳು, ಇಂದು ಗುಲಾಬಿಗಳು ಬಂದವು, ಮೂವರು ಹೆಂಗಸರು ಬರಲಿಲ್ಲ, ಗುಲಾಬಿಗಳಿಗೆ ಬೇಸರವಿಲ್ಲ ಎಂದು ಬರೆದಳು. ಶ್ರೀನಿವಾಸ್ ಓದಿ, ಕೊನೆಯ ಸಾಲು ಬೇಡಮ್ಮ ಎಂದು ಹೇಳಿ ಸಹಿ ಹಾಕಿದರು.

ನಂಜಪ್ಪ ಮುಂದಿನ ಸಲ ಮತ್ತೆ ಕಟ್ಟಿದ. ಈ ಬಾರಿ ಹಸುವಿರಲಿಲ್ಲ, ಆಟೋವಿರಲಿಲ್ಲ. ಅವನಿಗೆ ಐವತ್ತೊಂದು ಬಂತು, ಹೆಂಡತಿಗಿಂತ ಎಂಟು ಹೆಚ್ಚು. ಹದಿನೈದು ದಿನ ಆ ಮನೆಯಲ್ಲಿ ಯಾರಿಗೂ ಇರಲು ಆಗಲಿಲ್ಲ. ಉಪ್ಪು ಕೇಳಿದರೂ ಅವನು ಇಂಗ್ಲಿಷಿನಲ್ಲೇ ಕೇಳುತ್ತಿದ್ದ.

ಹದಿನಾರನೇ ದಿನ ಊಟಕ್ಕೆ ಬಡಿಸುತ್ತ ಮುನಿಲಕ್ಷ್ಮಿ, "ನಾವಿಬ್ರೂ ಪ್ಲಸ್ ಟೂ ಕಟ್ಟಾನ," ಎಂದಳು.

ನಂಜಪ್ಪ ಮುರಿದ ಮುದ್ದೆಯನ್ನು ಮತ್ತೆ ತಟ್ಟೆಗೆ ಇಟ್ಟ. "ಅದ್ರಲ್ಲೂ ಇಂಗ್ಲಿಷ್ ಐತಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದ.

"ಐತೆ. ಇನ್ನೂ ಜಾಸ್ತಿ ಐತೆ," ಎಂದು ಅವಳು ಇನ್ನೊಂದು ಸೌಟು ಸಾರು ಹಾಕಿದಳು.