ಬೇರು ಬಿಟ್ಟ ಟ್ಯುಲಿಪ್

ನನ್ನ ಅಪ್ಪ ಜೀವಮಾನದಲ್ಲಿ ಒಂದು ಹನಿ ಸೆರೆ ಮುಟ್ಟಿದವನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕುಣಿಮಗ್ಗದಲ್ಲಿ ಎರಡು ಕಾಲು: ಅವನ ವಿಳಾಸ ಇಷ್ಟೇ. ಅಂಥವನನ್ನು ಇಳಕಲ್ಲಿನ ನಮ್ಮ ನೇಕಾರರ ಸೊಸೈಟಿಯ ಅಧ್ಯಕ್ಷರು ಹತ್ತು ಜನರ ಎದುರು, "ಕುಡದು ಬಂದವರಿಗೆ ನೂಲು ಕೊಡಂಗಿಲ್ಲ" ಎಂದು ಬರಿಗೈಯಲ್ಲಿ ಕಳಿಸಿದರು. ಅದು ಎಂಬತ್ತರ ದಶಕದ ನಡುಭಾಗ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು, ಜಗತ್ತನ್ನು ತಿದ್ದುವ ಕೆಲಸವನ್ನು ಯಾವ ಊರಿನಿಂದ ಆರಂಭಿಸಲಿ ಎಂದು ಯೋಚಿಸುತ್ತಿದ್ದೆ. ಊರು ಅವತ್ತೇ ಗೊತ್ತಾಯಿತು.

ಅಪ್ಪನ ಬಲಗೈ ನಡುಗುತ್ತಿತ್ತು. ಕಾಲೆಳೆದು ನಡೆಯುತ್ತಿದ್ದ; ಓಣಿಯ ತಿರುವಿನಲ್ಲಿ ಒಮ್ಮೊಮ್ಮೆ ತೂಗಾಡುತ್ತಿದ್ದ. ಬಾಗಲಕೋಟೆಯ ಡಾಕ್ಟರರು ಅದನ್ನು ಪಾರ್ಕಿನ್ಸನ್ ಕಾಯಿಲೆ ಎಂದು ಗುರುತಿಸಿ, ಗುಳಿಗೆ ಬರೆದುಕೊಟ್ಟು, ಒಂದು ವಿಚಿತ್ರವನ್ನೂ ಹೇಳಿದ್ದರು: ಅಪ್ಪನ ನಡುಕ ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸಕ್ಕೆ ಹಚ್ಚಿದಾಗ ಕಡಿಮೆ. ನಿಜವೇ. ಲಾಳಿ ಹಿಡಿದ ಕೈ ನಿಧಾನವಾಗಿದ್ದರೂ ಹದ್ದುಬಸ್ತಿನಲ್ಲಿರುತ್ತಿತ್ತು. ಚಹಾದಂಗಡಿಯಲ್ಲಿ ಸುಮ್ಮನೆ ಕುಳಿತರೆ ತೊಡೆಯ ಮೇಲೆ ಕುಣಿಯುತ್ತಿತ್ತು. ಊರು ನೋಡಿದ್ದು ಚಹಾದಂಗಡಿಯ ಕೈಯನ್ನು ಮಾತ್ರ.

"ಅಧ್ಯಕ್ಷರ ಬಾಯಿಂದನ ಆ ಮಾತು ವಾಪಸ್ ತಗಸ್ತೇನಿ," ಎಂದೆ.

"ಸುಮ್ನಿರವಾ. ನೂಲು ಕೊಟ್ರ ಸಾಕು," ಎಂದ ಅಪ್ಪ.

"ನೂಲೂ ಬೇಕು, ಮಾತೂ ಬೇಕು."

"ಇಕಿನ್ನ ಧಾರವಾಡಕ್ಕ ಕಳಸಬ್ಯಾಡ್ರಿ ಅಂತ ಅವತ್ತ ಬಡಕೊಂಡೆ," ಎಂದು ಅವ್ವ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು.

ಅದೇ ವಾರ ನಾನು ತಂದಿಟ್ಟುಕೊಂಡಿದ್ದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದೆ: ಯುರೋಪಿನ ತೋಟಗಾರನೊಬ್ಬ, ತನಗೇ ಈ ಕಾಯಿಲೆ ಇದ್ದವನು, ಟ್ಯುಲಿಪ್ ಎಂಬ ಹೂವಿನ ಹೊಸ ಕೆಂಪು ತಳಿ ಬೆಳೆಸಿ ಅದಕ್ಕೆ ಈ ಕಾಯಿಲೆಯನ್ನು ಮೊದಲು ವಿವರಿಸಿದ ವೈದ್ಯನ ಹೆಸರಿಟ್ಟಿದ್ದಾನೆ. ಹೂವೊಂದು ರೋಗದ ಗುರುತಾಗಬಹುದಾದರೆ, ನಾವೂ ಒಂದು ಹೂವನ್ನು ಎದೆಗೆ ಸಿಕ್ಕಿಸಿಕೊಂಡು ಊರಿಗೆ ಬುದ್ಧಿ ಹೇಳಬಹುದಲ್ಲ! ಕೂಡಲೇ ಮನೆಯ ಕಟ್ಟೆಯ ಮೇಲೆ ಸಭೆ ಕರೆದೆ. ಸದಸ್ಯರು ನಾಲ್ವರು: ನಾನು, ಅಪ್ಪ, ಅವ್ವ ಮತ್ತು ರೇಷ್ಮೆಗೆ ಬಣ್ಣ ಹಾಕುವ ಪಕ್ಕದ ಮನೆಯ ಚಾಚಾ.

ಟ್ಯುಲಿಪ್ ಅನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದ್ದರಿಂದ ಮೊದಲು ಊರ ಹೂಗಳ ವಿಚಾರಣೆ ನಡೆಯಿತು.

"ದಾಸಾಳ?" ಎಂದೆ.

"ಗಣಪತಿದು. ನಮ್ಮ ಜಡ್ಡು ಅವನ ತಲಿಗೆ ಯಾಕ ಕಟ್ತಿ?" ಎಂದಳು ಅವ್ವ.

"ಚೆಂಡುಹೂ?"

"ಲಾರಿಗೆ ಹಾಕ್ತಾರ. ಹೆಣಕ್ಕೂ ಹಾಕ್ತಾರ."

"ಮಲ್ಲಿಗಿ?"

"ಗಂಡಸ್ರು ಮಲ್ಲಿಗಿ ಇಟ್ಕೊಂಡು ಅಡ್ಡಾಡಿದ್ರ, ಕುಡುಕ ಅನ್ನೋದರ ಜೋಡಿ ಇನ್ನೊಂದು ಹೆಸರು ಬರ್ತೈತಿ," ಎಂದ ಅಪ್ಪ.

"ಕುಸುಬಿ ಹೂವು?"

"ಮುಳ್ಳು ಚುಚ್ಚಿದ್ರ ನಿಮ್ಮಪ್ಪ ನಡಗೋದು ಬಿಟ್ಟು ಜಿಗ್ಯಾಕ ಹತ್ತತಾನ," ಎಂದಳು ಅವ್ವ.

ಚಾಚಾ ಗುಲಾಬಿಯ ಪರ ಮಾತಾಡಿದರು. "ನನ್ನ ನಿಕಾಹದಾಗ ಎದಿಗೆ ಗುಲಾಬಿನ ಹಾಕ್ಕೊಂಡಿದ್ನಿ. ಅವತ್ತ ನನ್ನ ಕೈನೂ ಹಿಂಗ ನಡಗ್ತಿತ್ತು."

ಸಭೆ ಅಪ್ಪನನ್ನು ಮದುಮಗನನ್ನಾಗಿಸಲು ಒಪ್ಪಲಿಲ್ಲ. ಕೊನೆಗೆ ಯಾವ ದೇವರಿಗೂ ಯಾವ ಲಾರಿಗೂ ಸೇರದ ಟ್ಯುಲಿಪ್ಪೇ ಗೆದ್ದಿತು. ಚಾಚಾ ಸೀರೆಯ ಸೆರಗಿಗೆಂದು ಬಣ್ಣ ಹಾಕಿದ್ದ ಕೆಂಪು ರೇಷ್ಮೆಯ ಎಳೆಗಳನ್ನು ಕೊಟ್ಟರು. ಪತ್ರಿಕೆಯ ಕಪ್ಪುಬಿಳುಪು ಚಿತ್ರವನ್ನು ನೋಡಿ, ಬಿಳಿ ಬಟ್ಟೆಯ ತುಂಡುಗಳ ಮೇಲೆ ಅವ್ವ ಕಸೂತಿ ಹಾಕಿದಳು.

ಇಲ್ಲಿಯೇ ಚರಿತ್ರೆ ದಾರಿ ತಪ್ಪಿದ್ದು. ಅವ್ವನ ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ. ಅದಕ್ಕೆ ನೆಟ್ಟಗೆ ಗೊತ್ತು, ಅಡ್ಡ ಗೊತ್ತು, ಓರೆ ಗೊತ್ತು, ದುಂಡು ಗೊತ್ತಿಲ್ಲ. ಎಸಳುಗಳೆಲ್ಲ ಮೂಲೆಮೂಲೆಯಾಗಿ ಒಂದಕ್ಕೊಂದು ಒತ್ತಿ ಕುಳಿತು ಗಡ್ಡೆಯಾದವು. ಚಿತ್ರದಲ್ಲಿ ದಂಟು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಬೇರಿಲ್ಲದ ಗಿಡ ಬದುಕೀತೇ ಎಂದು ಮರುಗಿದ ಅವ್ವ, ದಂಟನ್ನು ಬಿಟ್ಟು, ಗಡ್ಡೆಯ ಕೆಳಗೆ ಐದು ಬೇರುಗಳನ್ನು ತಾನಾಗಿಯೇ ಇಳಿಬಿಟ್ಟಳು.

ಸಂತೆಯ ದಿನ ಆ ಹೂವನ್ನು ಎದೆಗೆ ಪಿನ್ನು ಹಾಕಿಕೊಂಡು ನಾವು ನಾಲ್ವರೂ ಹೊರಟೆವು. ಅದು ಚುನಾವಣೆಯ ಹಂಗಾಮು.

"ಉಳ್ಳಾಗಡ್ಡಿ ಗುರುತಿನ ಮ್ಯಾಲ ಯಾರ್ ನಿಂತಾರ್ರಿ?" ಎಂದು ಮೊದಲು ಕೇಳಿದವನು ಈರುಳ್ಳಿ ಬೆಳೆಯುವ ಗುಡೂರಿನ ರೈತ.

"ಇದು ಉಳ್ಳಾಗಡ್ಡಿ ಅಲ್ಲ, ಟ್ಯುಲಿಪ್!"

"ಯಾವ ಬೀಜ ಆದ್ರೇನವಾ, ಗಡ್ಡಿ ಗಡ್ಡಿನ. ರೇಟ್ ಏರಸ್ತೀರೋ ಇಲ್ಲೋ, ಅದ ಹೇಳ್ರಿ."

ಸಂಜೆಯ ಹೊತ್ತಿಗೆ ಅಪ್ಪ ಪಕ್ಷೇತರ ಅಭ್ಯರ್ಥಿ ಎಂಬ ಸುದ್ದಿ ಹುನಗುಂದದವರೆಗೆ ಮುಟ್ಟಿತ್ತು. ಅವ್ವನಿಗೆ ಒಳಗೊಳಗೇ ಖುಷಿಯಾಗಿತ್ತು. ನನಗೆ ಉರಿಯುತ್ತಿತ್ತು.

ಮರುವಾರ ಸೊಸೈಟಿಯ ವಾರ್ಷಿಕ ಸಭೆ. ಅಧ್ಯಕ್ಷರು ಮೈಕಿನ ಮುಂದೆ ಕುಳಿತಿದ್ದರು. ನಾನು ಎದ್ದು ಶುರುಮಾಡಿದೆ: "ಮಾನ್ಯ ಅಧ್ಯಕ್ಷರೇ, ಪ್ರಾಮಾಣಿಕ ಶ್ರಮಜೀವಿಯೊಬ್ಬನ ಘನತೆಗೆ ತಾವು ಎಸಗಿದ ಹಾನಿಯ ಉತ್ತರದಾಯಿತ್ವವನ್ನು..."

"ಯವ್ವಾ, ಕನ್ನಡದಾಗ ಹೇಳ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕು, "ಉಳ್ಳಾಗಡ್ಡಿ ಪಾರ್ಟಿಯವರು ಕುಂದರ್ರಿ," ಎಂದರು.

ಆಗ ಅಪ್ಪ ಎದ್ದ. ಕಾಲೆಳೆಯುತ್ತ, ತೂಗಾಡುತ್ತ, ಯಾರ ಕೈಯನ್ನೂ ಹಿಡಿಯದೆ ವೇದಿಕೆ ಹತ್ತಿದ.

"ಉಳ್ಳಾಗಡ್ಡಿ ಅನ್ರಿ, ಅನ್ನಸ್ಕೋತೇನಿ. ಕುಡುಕ ಅನಬ್ಯಾಡ್ರಿ. ನನ್ನ ಬಾಯಿ ಮೂಸಿ ನೋಡ್ರಿ."

"ಏ, ಹೋಗ್ರೀ ಹಿರ್ಯಾರ..."

"ಹತ್ತು ಮಂದಿ ಮುಂದ ಅಂದೀರಿ. ಈಗ ಎಲ್ಲಾರ ಮುಂದ ಮೂಸ್ರಿ."

"ಮೂಸ್ರಿ, ಮೂಸ್ರಿ!" ಎಂದು ಸಭೆ ಚಪ್ಪಾಳೆ ತಟ್ಟಿತು. ಹಿಂದೆ ಸರಿಯಲು ಅಧ್ಯಕ್ಷರಿಗೆ ದಾರಿಯೇ ಇರಲಿಲ್ಲ. ಬಾಗಿ ಮೂಸಿದರು. ಅಪ್ಪ ಮನೆಯಿಂದ ಹೊರಡುವ ಮುನ್ನ ಜೋಳದ ರೊಟ್ಟಿಗೆ ಗುದ್ದಿದ ಹಸಿ ಉಳ್ಳಾಗಡ್ಡಿ ನಂಜಿಕೊಂಡು ಉಂಡಿದ್ದ. ಅಧ್ಯಕ್ಷರ ಮುಖ ನಾಲ್ಕು ದಿಕ್ಕಿಗೆ ತಿರುಗಿ, ಕೊನೆಗೆ ಮೈಕಿನ ಮುಂದೆ ನಿಂತಿತು.

"ಉಳ್ಳಾಗಡ್ಡಿ ವಾಸನಿ ಬಿಟ್ರ ಬ್ಯಾರೆ ಏನೂ ಇಲ್ಲ."

"ಮತ್ತ ಅವತ್ತ ಅಂದ ಮಾತು?" ಎಂದೆ. ನನಗೂ ಕನ್ನಡ ಬಂದಿತ್ತು.

"ತಪ್ಪಾತು. ನೂಲು ನಾಳೆನ ಒಯ್ರಿ."

"ಪುಸ್ತಕದಾಗ ಬರೀರಿ."

ಬರೆಸಿದೆ. ಸೊಸೈಟಿಯ ನಡಾವಳಿ ಪುಸ್ತಕದಲ್ಲಿ ಇಂದಿಗೂ ಆ ವಾಸನೆಯ ಠರಾವು ಇದೆ; ಅಧ್ಯಕ್ಷರ ಸಹಿಯ ಕೆಳಗೆ ಅಪ್ಪನ ಸಹಿ. ಬರೆಯುವಾಗ ಅಕ್ಷರಗಳು ಸಣ್ಣಸಣ್ಣವಾಗುತ್ತ ಹೋದವು, ಆದರೆ ಕೈ ಹೆಚ್ಚು ನಡುಗಲಿಲ್ಲ.

ನೂಲು ಬಂತು, ಮಗ್ಗದ ಸದ್ದು ಶುರುವಾಯಿತು. ಅಪ್ಪನ ನಡುಕ ಕುಡಿತದ್ದಲ್ಲ, ಕಾಯಿಲೆಯದು ಎಂಬ ಸುದ್ದಿ ಕೇಳಿ, ಕೆಲವು ದಿನಗಳ ಮೇಲೆ ಗುಡೂರಿನ ಅದೇ ರೈತ ತನ್ನ ಮುದುಕಿ ತಾಯಿಯನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದ.

"ಯಪ್ಪಾ, ನಮ್ಮವ್ವನ ಕೈ ನಡಗತೈತಿ. ದೆವ್ವ ಹಿಡದೈತಿ ಅಂತಾರ. ಇದೂ ನಿಮ್ಮ ಉಳ್ಳಾಗಡ್ಡಿ ಜಡ್ಡ ಇರಬೌದೇನ್ರಿ?"

ಟ್ಯುಲಿಪ್ ಎಂದು ತಿದ್ದಲು ಬಾಯಿ ತೆರೆದ ನನ್ನನ್ನು ಅಪ್ಪ ಕಣ್ಣಿನಲ್ಲೇ ತಡೆದ. ಮಗ್ಗದ ಕುಣಿಯಿಂದ ನಿಧಾನವಾಗಿ ಎದ್ದು ಬಂದು, ಮುದುಕಿಯ ಪಕ್ಕ ಕುಳಿತು, ತನ್ನ ಕೈಯನ್ನು ತೊಡೆಯ ಮೇಲಿಟ್ಟು ಕುಣಿಯಲು ಬಿಟ್ಟ.

"ನೋಡಬೇ, ಸುಮ್ನ ಕುಂತಾಗ ಹಿಂಗ ನಡಗತೈತೋ, ರೊಟ್ಟಿ ಬಡಿಯುವಾಗ ನಡಗತೈತೋ?"

"ಕುಂತಾಗರಿ. ರೊಟ್ಟಿ ಇನ್ನೂ ಚಲೋ ಬಡೀತೇನಿ."

"ಹಂಗಾದ್ರ ದೆವ್ವ ಅಲ್ಲ ಬಿಡು. ಬಾಗಲಕೋಟಿ ಡಾಕ್ಟರ್‌ಗೆ ತೋರಸ್ರಿ," ಎಂದು, ಅವ್ವನತ್ತ ತಿರುಗಿ ಕೂಗಿದ, "ಏ, ಒಂದು ಉಳ್ಳಾಗಡ್ಡಿ ತಾ. ಪಿನ್ನೂ ತಾ."