ರುದ್ರವ್ವ ಬಿಟ್ಟುಕೊಟ್ಟ ನಂಬರು

ಸಂತು ಮುಂಬೈಯ ಭಾಂಡುಪ್‌ನ ಸಣ್ಣದೊಂದು ಇಂಟರ್ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ಎಂಜಿನಿಯರ್. ಹಾಗಂತ ಅವನ ಐಡಿ ಕಾರ್ಡು ಹೇಳುತ್ತದೆ. ಹೆಗಲ ಮೇಲಿನ ಏಣಿ ಬೇರೆಯದನ್ನೇ ಹೇಳುತ್ತದೆ. ವಿಜಯಪುರದ ಬಳಗದ ಮುಂದೆ ಅವನ ಅವ್ವ, "ನಮ್ಮ ಸಂತು ಅರ್ಧಾ ಭಾಂಡುಪ್ ನಡಸ್ತಾನ" ಅನ್ನುತ್ತಾಳೆ. ಆ ಅರ್ಧ ಭಾಂಡುಪ್ ಅವನನ್ನು ಕರೆಯುವುದು "ಏ ವೈಫೈವಾಲಾ" ಅಂತ.

ಅವತ್ತು ಕರೆದದ್ದು ಅಲ್ಲಿನ ಒಂದು ಕಟ್ಟಡದ ಎ ವಿಂಗಿನ ಶೀಲಾವತಿ, ಉಡುಪಿ ಕಡೆಯವರು.

"ಎಂತ ನೆಟ್ಟು ಮಾರಾಯ ನಿಮ್ಮದು? ನಿನ್ನೆ ನನ್ನ ಮಗಳು ಯಕ್ಷಿತಾಳ ಇಂಟರ್‌ವ್ಯೂ ಅರ್ಧಕ್ಕೇ ಕಟ್ಟಾಯ್ತು. ಪಾಪ ಅಂತ ಇವತ್ತು ನಾಲ್ಕು ಗಂಟೆಗೆ ಇನ್ನೊಂದು ಚಾನ್ಸ್ ಕೊಟ್ಟಿದ್ದಾರೆ. ಮತ್ತೂ ಕೊಡ್ಲಿಕ್ಕೆ ಅವರೇನು ನನ್ನ ತಮ್ಮನಾ?"

ಹಿಂದೆ ಬಂದಾಗೆಲ್ಲ ಸಂತು ರೌಟರ್ ಆಫ್ ಮಾಡಿ, ಆನ್ ಮಾಡಿ, "ಆಯ್ತು ಆಂಟಿ" ಅಂದು ಜಾಗ ಖಾಲಿ ಮಾಡಿದ್ದ. ಈ ಸಲ ಯಕ್ಷಿತಾಳ ಮುಖ ನೋಡಿ ಆ ವಿದ್ಯೆ ಕೈಕೊಟ್ಟಿತು. ಮೆಟ್ಟಿಲ ಕೆಳಗಿನ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಜೋಡಿಸಿ ಕೂತ. ಮನೆಮನೆಯ ವೈರು ಬಂದು ಸೇರುವ ಡಬ್ಬಿ ಅದು. ನೋಡಿದರೆ ಶೀಲಾವತಿಯವರ ಐಪಿ ನಂಬರನ್ನು, ಅಂದರೆ ನೆಟ್ಟಿನಲ್ಲಿ ಅವರ ಮನೆಯ ವಿಳಾಸವನ್ನು, ಇಬ್ಬರು ಬಳಸುತ್ತಿದ್ದಾರೆ, ಲೋಕಲ್ ರೈಲಿನ ಒಂದೇ ಕಿಟಕಿ ಸೀಟಿಗೆ ಇಬ್ಬರು ಕೂತ ಹಾಗೆ! ಎರಡನೆಯವರ ವೈರು ಹಿಡಿದು ಹೋದರೆ ಬಿ ವಿಂಗಿನ ರುದ್ರವ್ವನ ಮನೆ.

ರುದ್ರವ್ವ ಇದ್ದ ಹಳೇ ವಠಾರ, ಆ ಚಾಳು, ಕೆಡವಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿ, ಆಕೆ ಇಲ್ಲಿಗೆ ಬಾಡಿಗೆಗೆ ಬಂದಿದ್ದಳು. ಪಾತ್ರೆ ಪಗಡದ ಜೊತೆ ರೌಟರೂ ಬಂದಿತ್ತು. ಚಾಳಿನಲ್ಲಿ ಇದೇ ಕಂಪನಿಯವರು ಕೈಯಾರೆ ತುಂಬಿದ ನಂಬರು ಅದರ ಹೊಟ್ಟೆಯಲ್ಲೇ ಕೂತಿತ್ತು. ಚಾಳಿನ ಕನೆಕ್ಷನ್ ನಿಂತಿತೆಂದು ಕಂಪನಿ ಅದನ್ನು ಆಗಲೇ ಶೀಲಾವತಿಗೆ ಕೊಟ್ಟಾಗಿತ್ತು. ಇಲ್ಲಿ ವೈರು ಎಳೆದವನು ಯಾರು? ಸಂತುವೇ. ಅವತ್ತು ಆಕೆ ಮುಂದಿಟ್ಟ ಚುರಮುರಿ, ಮಿರ್ಚಿಯನ್ನು ಮಾತ್ರ ಅವನು ಕೂಲಂಕಷವಾಗಿ ಪರೀಕ್ಷಿಸಿದ್ದ.

"ಅವ್ವಾರ, ಈ ನಂಬರ್ ತಗೀಬೇಕ್ರಿ."

"ಮುಟ್ಟೀಯೇನು! ಈ ಡಬ್ಬಿ ಮುಂದ ಕುಂತು ಮಾತಾಡೇ ನನ್ನ ಮಗಳು ರೂಪಾಲಿಗೆ ನೌಕರಿ ಸಿಕ್ಕೈತಿ. ಲಕ್ಷ್ಮೀ ನಂಬರದು."

ಸಂತು ಯಕ್ಷಿತಾಳ ಕಥೆ ಹೇಳಿದ. ರುದ್ರವ್ವ ಟಿವಿಯ ಧ್ವನಿ ಇಳಿಸಿದಳು.

"ಹಂಗಂದ್ರ ಆ ಹುಡುಗಿಗೇ ಇರಲಿ ತಗೋ. ನಮಗ ಅದರ ಕೆಲಸ ಮುಗೀತು. ಬ್ಯಾರೇದು ಹಾಕು, ಸೀರಿಯಲ್ ಮಾತ್ರ ನಿಲ್ಲಬಾರದು ನೋಡು."

ಹಳೆಯದನ್ನು ಅಳಿಸಿ, ಕಂಪನಿ ಕೊಡುವ ನಂಬರನ್ನೇ ರೌಟರ್ ಕೇಳಿ ಪಡೆಯುವಂತೆ ಮಾಡಿದ. ಕೆಳಗೆ ಓಡಿಬಂದು ಸ್ವಿಚ್ಚಿಗೊಂದು ಬೀಗ ಬಿಗಿದ: ಯಾವ ವೈರಿಗೆ ಯಾವ ನಂಬರು ಕೊಟ್ಟಿದೆಯೋ ಅದಕ್ಕಷ್ಟೇ ದಾರಿ, ಬೇರೆಯವರ ನಂಬರು ಹಿಡಿದು ಬಂದವರಿಗೆ ಇಲ್ಲ.

ಇಂಟರ್‌ವ್ಯೂ ಮುಗಿಯುವವರೆಗೂ ಮೆಟ್ಟಿಲ ಮೇಲೆ ಉಗುರು ಕಚ್ಚುತ್ತ ಕೂತ.

"ಭಯ್ಯಾ, ಒಂದ್ಸಲನೂ ಕಟ್ ಆಗ್ಲಿಲ್ಲ! ಸೆಕೆಂಡ್ ರೌಂಡ್‌ಗೆ ಕರೆದಿದಾರೆ," ಅಂತ ಯಕ್ಷಿತಾ ಓಡಿಬಂದಳು.

ಹಿಂದೆಯೇ ಶೀಲಾವತಿ: "ಗುರುವಾರ ಉಂಟು ಅದು. ಆ ದಿನ ನೀನು ರಜೆ ಹಾಕ್ಬೇಡ, ಆಯ್ತಾ?"